ತಲೆಯಾಡಿಸಿ ತಂದುಕೊಂಡ ನಾಯಿ

ಚಿನ್ಮಯಿ, ಭರತ, ನಿಮ್ಮಮ್ಮ ನಾಗಸಂದ್ರದಿಂದ ಫೋನು ಮಾಡಿದಾಗಲೆಲ್ಲ ಒಂದೇ ರಾಗ: "ಇವು ಓದಲ್ಲ ಕಣಮ್ಮ, ಇವು ವಿದ್ಯಾವಂತರಾಗೋದು ಯಾವ ಕಾಲಕ್ಕೆ?" ನನಗೂ ಅದೇ ಚಿಂತೆಯಿತ್ತು. ಆದರೆ ಈಚೆಗೆ ಈ ಕುಂದಲಹಳ್ಳಿಯಲ್ಲಿ ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡ ವಿದ್ಯಾವಂತರನ್ನು ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿದಿದೆ. ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ. ನಾನೂ ಏಳನೇ ಕ್ಲಾಸು ಪಾಸು.

ಹಳ್ಳಿಯ ಶಾಲೆಯಲ್ಲಿ ನಾನು ಕಲಿತ ದೊಡ್ಡ ವಿದ್ಯೆ ತಲೆಯಾಡಿಸುವುದು. ಮೇಷ್ಟ್ರು ಲೆಕ್ಕ ಮುಗಿಸಿ "ಅರ್ಥ ಆಯ್ತಾ?" ಎಂದರೆ ಇಡೀ ಕ್ಲಾಸು "ಆಯ್ತು ಸಾ" ಎಂದು ಕೂಗಬೇಕು. ಆಗಲಿಲ್ಲ ಎಂದವನಿಗೆ ಅರ್ಥವಾಗುವ ತನಕ ಬೆತ್ತ. ನನ್ನಂಥ ನಾಚಿಕೆಯ ಹುಡುಗಿಗೆ ಇದಕ್ಕಿಂತ ಅನುಕೂಲವಾದ ವಿದ್ಯೆ ಇನ್ನೊಂದಿರಲಿಲ್ಲ. ನಿಮ್ಮ ತಾತನನ್ನು ಒಪ್ಪಿಕೊಂಡದ್ದೂ ಅದೇ ವಿದ್ಯೆಯಿಂದ.

ನಮ್ಮ ಮೇಲಿನ ಮನೆಗೆ ಪ್ರಿಯಾ ಎಂಬ ಹುಡುಗಿ ಗಂಡನೊಂದಿಗೆ ಬಾಡಿಗೆಗೆ ಬಂದಳು. ಇಬ್ಬರೂ ಉತ್ತರದ ಕಡೆಯವರು, ದೊಡ್ಡ ದೊಡ್ಡ ಓದು ಓದಿದವರು. ಅವಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷು ಬಾರದು. ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಮಾತಾಡಿದಳು. ಮೊದಲಿಗೆ "ಆಂಟಿ" ಎಂದದ್ದು ತಿಳಿಯಿತು, ಕೊನೆಗೆ "ಓಕೆ?" ಎಂದದ್ದು ತಿಳಿಯಿತು. ನಡುವೆ ವೈಟ್‌ಫೀಲ್ಡಿನಲ್ಲಿ ನಿಲ್ಲದ ರೈಲು ಹೋದ ಹಾಗಾಯಿತು. ನಾನು "ಓಕೆ, ಓಕೆ" ಎಂದೆ. ಭಾನುವಾರ ನಾಯಿ ಬಂತು.

ನಾಯಿಯೆಂದರೆ ಎಂಥದ್ದು! ಕರುವಿನಷ್ಟು ಎತ್ತರ. ಬೀದಿಯ ಮರಿಯನ್ನು ಕಂಡರೂ ಓಡುವವಳು ನಾನು. ಅದನ್ನು ತಾರಸಿಯ ಮೇಲೆ ಕಟ್ಟಿದರು. ಸುತ್ತ ಎದ್ದಿರುವ ಕಟ್ಟಡಗಳ ನಡುವೆ ನನ್ನ ಪಾಲಿಗೆ ಬಿಸಿಲು ಉಳಿದಿದ್ದದ್ದು ಆ ತಾರಸಿಯಲ್ಲಿ ಮಾತ್ರ. ಹಪ್ಪಳ ಒಣಗುತ್ತಿದ್ದದ್ದೂ ಅಲ್ಲೇ, ನನ್ನ ಮಂಡಿ ನೋವು ಇಳಿಯುತ್ತಿದ್ದದ್ದೂ ಅಲ್ಲೇ. ಅದೂ ಹೋಯಿತು.

ನಿಮ್ಮ ಮಾವ ರೇಗಿದ. "ಯಾರಮ್ಮ ಪರ್ಮಿಷನ್ ಕೊಟ್ಟಿದ್ದು?"

"ನಾನೇ ಕಣೋ."

"ಅರ್ಥ ಆಗ್ದಿದ್ರೆ ಆಗ್ಲಿಲ್ಲ ಅನ್ನೋಕೇನು ನಿಂಗೆ?"

ಅಷ್ಟರಲ್ಲಿ ಅವನಿಗೆ ಆಫೀಸಿನ ಫೋನು ಬಂತು. "ಯೆಸ್, ಯೆಸ್, ಶ್ಯೂರ್" ಎಂದು ಹತ್ತು ಸಲ ಹೇಳಿ ಇಟ್ಟ. ಏನಂತೋ ಎಂದು ಕೇಳಿದೆ. "ಅದೇನ್ ಒದರಿದ್ನೋ, ಒಂದೂ ತಿಳೀಲಿಲ್ಲ" ಎಂದ!

ಕೊನೆಗೆ ನಾನೇ ಧೈರ್ಯ ಮಾಡಿ ಮೇಲೆ ಹೋಗಿ, ಬಾಗಿಲಾಚೆಯೇ ನಿಂತು, "ನಾಯೀನ ಸ್ವಲ್ಪ ನೋಡ್ಕೊಳಮ್ಮ, ನಂಗೆ ಭಯ" ಎಂದೆ. ಪ್ರಿಯಾ ಮುಖವರಳಿಸಿ "ಹಾಂ ಆಂಟಿ, ಹಾಂ ಹಾಂ" ಎಂದಳು. ಮರುದಿನ ಬೆಳಗ್ಗೆ ಮನೆಯ ಕೀಲಿಕೈಯನ್ನೂ ಒಂದು ಪೊಟ್ಟಣ ಬಿಸ್ಕತ್ತನ್ನೂ ನನ್ನ ಕೈಯಲ್ಲಿಟ್ಟು, "ಥ್ಯಾಂಕ್ಯೂ ಆಂಟಿ!" ಎಂದು ಕಂಪನಿಯ ಕ್ಯಾಬು ಹತ್ತಿದಳು. ನಾಯೀನ ನೋಡ್ಕೊ ಎಂದದ್ದನ್ನು ನಾನೇ ನೋಡ್ಕೊತೀನಿ ಎಂದು ಅವಳು ಊಹಿಸಿಕೊಂಡಿರಬೇಕು. ನಾನೇನು ಹೇಳಿದೆ ಎನ್ನುತ್ತೀರಿ? ಓಕೆ ಎಂದೆ.

ಇನ್ನು ತಡೆಯಲಾರದೆ ಸೊಸೆ ಸುನೀತಾಳನ್ನು ಕರೆದುಕೊಂಡು ಮೇಲೆ ಹೋದೆ. "ಇವತ್ತು ಇತ್ಯರ್ಥ ಆಗ್ಬೇಕು. ನನ್ ತಾರಸಿ ನಂಗೆ ಬೇಕು" ಎಂದೆ. ಇಬ್ಬರೂ ಮಾತಾಡಿಕೊಂಡರು. ಸುನೀತಾ ನಗತೊಡಗಿದಳು.

"ಅತ್ತೆ, ನೀವು ಹೇಳಿದ್ರಲ್ಲಿ ನಾಯಿ ಅನ್ನೋದೊಂದು ಬಿಟ್ರೆ ಅವಳಿಗೂ ಒಂದಕ್ಷರ ಅರ್ಥ ಆಗಿಲ್ವಂತೆ. ಮತ್ತೆ ಕೇಳಿದ್ರೆ ನೀವು ಬೇಜಾರ್ ಮಾಡ್ಕೊತೀರ ಅಂತ ಹಾಂ ಅಂದ್ಬಿಟ್ಳಂತೆ."

ಅಷ್ಟು ಓದಿದವಳಿಗೂ ನನ್ನಷ್ಟೇ ವಿದ್ಯೆ! ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎನ್ನುವುದಕ್ಕೆ ಮನುಷ್ಯರು ಇನ್ನೆಷ್ಟು ಓದಬೇಕೋ! ಇವತ್ತು ನಾನಾದರೂ ಕೇಳಿಯೇ ತೀರುತ್ತೇನೆಂದು ನಿಶ್ಚಯಿಸಿದೆ. ಅವರಿಬ್ಬರ ಮಾತು ಮತ್ತೆ ಇಂಗ್ಲಿಷಿನಲ್ಲಿ ಓಡಿತು. ಆಮೇಲೆ ಸುನೀತಾ ನನ್ನ ಕಡೆ ತಿರುಗಿ, "ಹಂಗೇ ಮಾಡೋಣ, ಓಕೆ ತಾನೆ ಅತ್ತೆ?" ಎಂದಳು. ಹಂಗೇ ಅಂದರೆ ಹೆಂಗೆ ಎಂದು ಕೇಳಲು ಬಾಯಿ ತೆರೆದೆ. ಇಬ್ಬರೂ ನಗುಮುಖದಿಂದ ಕಾಯುತ್ತಿದ್ದರು. ನನ್ನ ತಲೆ ತಾನಾಗಿಯೇ ಆಡಿತು.

ತೀರ್ಮಾನ ಏನೆಂದು ಮಾರನೆಯ ದಿನ ತಿಳಿಯಿತು. ತಾರಸಿ ನನಗೆ. ನಾಯಿ ಹಗಲೆಲ್ಲ ಕೆಳಗೆ, ನನ್ನ ಕೋಣೆಯಲ್ಲಿ.

ಈಗ ಅದು ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿದೆ. ಕಾಲು ಜೋಮು ಹಿಡಿದಿದ್ದರೂ ಅಲ್ಲಾಡಿಸದೆ ಬರೆಯುತ್ತಿದ್ದೇನೆ. ಇದನ್ನೇ ನಿನ್ನೆಯೂ ಬರೆದಿದ್ದೆ, ಅಷ್ಟನ್ನೂ ಅಗಿದು ನುಂಗಿತು. ಓದಿದ್ದನ್ನು ಅರಗಿಸಿಕೊಂಡವರೇ ನಿಜವಾದ ವಿದ್ಯಾವಂತರು ಎನ್ನುತ್ತಾರಲ್ಲ, ಆ ಮಾತಿಗೆ ನಮ್ಮ ಮನೆಯಲ್ಲಿ ಸದ್ಯಕ್ಕೆ ಸಲ್ಲುವುದು ಇದೊಂದೇ. ಆದ್ದರಿಂದ ಮಕ್ಕಳೇ, ಈ ಸಲ ಬಂದಾಗ ಈ ಹಾಳೆಗಳನ್ನು ನಾಗಸಂದ್ರಕ್ಕೆ ಒಯ್ದು ಜೋಪಾನವಾಗಿಡಿ. ಇಲ್ಲಿಯೇ ಬಿಟ್ಟರೆ ನಿಮಗಿಂತ ಮೊದಲು ಇದೇ ಓದಿ ಮುಗಿಸುತ್ತದೆ.