ಉಲ್ಟಾ ಕರೆಂಟಿನ ಮಾಮಾ

ನಮ್ಮ ಮಾಮಾ ಕರೆಂಟಿಗೆ ಹೆದರುವುದಿಲ್ಲ, ಕರೆಂಟೇ ಅವರಿಗೆ ಹೆದರುತ್ತದೆ! ನನ್ನ ತಾಯಿಯ ಅಣ್ಣ. ಲೈನ್‌ಮನ್ ಆಗಿ ಮೂವತ್ತು ವರ್ಷ ಕಂಬ ಹತ್ತಿ ಇಳಿದು ಈಗ ಭಾಲ್ಕಿಯಲ್ಲಿ ನಿವೃತ್ತರು. ಯಾರ ಮನೆಗೆ ಹೋದರೂ ಅಂಗೈಯ ಹಿಂಬದಿಯಿಂದ ಫ್ರಿಜ್ ಮುಟ್ಟಿ ನೋಡಿಯೇ ನೀರು ಕೇಳುತ್ತಾರೆ. ನನ್ನ ತಂಗಿಯ ಮದುವೆಯಲ್ಲಿ ಮಂಟಪದ ಕಂಬಕ್ಕೆಲ್ಲ ಟೆಸ್ಟರ್ ಹಿಡಿದೇ ಅಕ್ಷತೆ ಹಾಕಲು ಹೋದರು. ಅಷ್ಟರಲ್ಲಿ ಜನ ಊಟಕ್ಕೆ ಕೂತಿದ್ದರು!

ಇಂಥವರು ಬೀದರಿನ ನಮ್ಮ ಮನೆಗೆ ಬಂದಾಗ ನನ್ನ ಲ್ಯಾಪ್‌ಟಾಪಿನ ಚಾರ್ಜರ್ ಸತ್ತಿತ್ತು. ಹಳೇ ಬ್ಯಾಟರಿಗೆ ಪೂರ್ತಿ ತುಂಬಿದರೂ ಹತ್ತೇ ನಿಮಿಷದ ಆಯುಷ್ಯ. ಪುಣ್ಯಕ್ಕೆ ಹೊಸ ಮಾನಿಟರಿನ ಒಂದೇ ವೈರು ಚಿತ್ರವನ್ನೂ ಒಯ್ಯುತ್ತಿತ್ತು, ಚಾರ್ಜನ್ನೂ ಕೊಡುತ್ತಿತ್ತು.

"ಚಿತ್ರ ಟಿವಿಗಿ ಹೋಗ್ತದ, ಕರೆಂಟ್ ಟಿವಿಯಾಗಿಂದ ಹೊಳ್ಳಿ ಬರ್ತದ ಅಂತೀ ಏನವ್ವ?"

"ಹೌದ್ರಿ ಮಾಮಾ."

"ಅಂದ್ರ ಉಲ್ಟಾ ಕರೆಂಟ್!"

"ಉಲ್ಟಾ ಅಲ್ಲರಿ, ಯುಎಸ್‌ಬಿ-ಸಿ."

"ಹೆಸರು ಬದಲ ಮಾಡಿದ್ರ ಗುಣ ಬದಲ ಆಗ್ತದೇನು?"

ಮರುದಿನ ನನ್ನ ಆನ್‌ಲೈನ್ ಸಂದರ್ಶನ. ಎರಡು ವರ್ಷ ಕಾಯ್ದ ಕೆಲಸ! ಐದು ನಿಮಿಷವೂ ಆಗಿರಲಿಲ್ಲ, ಮಾನಿಟರ್ ಕಪ್ಪಾಯಿತು. ನೋಡಿದರೆ ಮಾಮಾ ವೈರು ಕಿತ್ತು ಕೈಯಲ್ಲಿ ಹಿಡಿದಿದ್ದಾರೆ! ಕ್ಯಾಮೆರಾ ಎದುರು ಏನು ಹೇಳಲಿ? ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ಕೈಯೆತ್ತಿ ಅಭಯ ಕೊಟ್ಟರು! "ನಿಮ್ಮ ದೌರ್ಬಲ್ಯ ಏನು?" ಎಂದು ಆ ಕಡೆಯವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಲ್ಯಾಪ್‌ಟಾಪು ಪ್ರಾಣ ಬಿಟ್ಟು ಉತ್ತರ ಕೊಟ್ಟಿತು.

"ನನ್ನ ಕೆಲಸ ಹೋಯ್ತಲ್ರಿ ಮಾಮಾ!" ಎಂದು ಕೂಗಾಡಿದೆ. ಮಾಮಾ ಕಿತ್ತ ವೈರನ್ನು ಮೇಜಿನ ಮೇಲಿಟ್ಟು ಕೂತರು.

"ಔರಾದದಾಗ ಡ್ಯೂಟಿ ಇದ್ದಾಗ ನನ್ನ ಜೋಡಿದಾರ ಲೈನ್‌ಮನ್ ಕಂಬದ ಮ್ಯಾಲಿದ್ದ," ಎಂದರು. "ಲೈನ್ ನಾನೇ ಬಂದ್ ಮಾಡಿದ್ದೆ. 'ನಾ ಕೆಳಗ ಅದೀನಿ, ನೀ ಏರು' ಅಂದಿದ್ದೆ. ಯಾವುದೋ ಗಿರಣಿಯವರು ಜನರೇಟರ್ ಹಾಕಿದ್ರು. ಅದರ ಕರೆಂಟ್ ಬಂದ್ ಇದ್ದ ಲೈನಿನ್ಯಾಗ ಉಲ್ಟಾ ಬಂತವ್ವ. ಅವ ಏರಿದ್ದ, ಇಳಿಲಿಲ್ಲ."

ಇಷ್ಟು ವರ್ಷ ನಾವು ನಕ್ಕಿದ್ದು ಇದಕ್ಕೇನು? ನನಗೆ ನಾಚಿಕೆಯಾಯಿತು.

ಕಂಪನಿಯವರು ದೊಡ್ಡ ಮನಸ್ಸಿನವರು, ಮರುದಿನ ಮತ್ತೆ ಕರೆದರು. ಮಾಮಾ ತಮ್ಮ ಹಳೆಯ ರಬ್ಬರ್ ಕೈಗವಸು ತೊಟ್ಟು, ಟೆಸ್ಟರ್ ಹಿಡಿದು, ಸ್ವತಃ ವೈರು ಚುಚ್ಚಿದರು. ಲ್ಯಾಪ್‌ಟಾಪಿನ ಚಾರ್ಜಿನ ಪುಟ್ಟ ದೀಪ ಹೊತ್ತಿದ ಮೇಲೆ ನೆಲದ ಮೇಲೆ ಸ್ವಿಚ್ಚಿನ ಪಕ್ಕ ಕಾವಲು ಕೂತರು. ಕೆಲಸ ಸಿಕ್ಕಿತೆನ್ನುವುದು ನಂತರದ ಮಾತು. ಆ ಹೊತ್ತಿಗೆ ನನ್ನ ಕಣ್ಣು ತುಂಬಿಸಿದ್ದು ಬೇರೆ. ಸಂದರ್ಶನ ಶುರುವಾಗುವ ಮುನ್ನ ಅವರು ಮೆಲ್ಲಗೆ ಹೇಳಿದ್ದರು:

"ನಾ ಕೆಳಗ ಅದೀನಿ. ನೀ ಏರವ್ವ."