ಕೈ ಕಟ್ಟಿ ಕುಳಿತ ವರ

ಜೋರಾಪುರ ಪೇಟೆಯ ಅರಿವೆ ಅಂಗಡಿಯ ಗುಮಾಸ್ತ ಗುರಲಿಂಗಪ್ಪನಿಗೆ ಸೊಂಟದಲ್ಲಿ, ಸರಿಯಾಗಿ ಧೋತರದ ಗಂಟು ಬೀಳುವ ಜಾಗದಲ್ಲೇ, ಗಜಕರ್ಣ ಎದ್ದಿತ್ತು. ಬೆವರು ಬಂದರೆ ಸಾಕು, ಕೈ ತಾನಾಗಿ ಅಲ್ಲಿಗೆ ಓಡುತ್ತಿತ್ತು. ಹೋದ ತಿಂಗಳು ತಿಕೋಟಾಕ್ಕೆ ಕನ್ಯಾ ನೋಡಲು ಹೋದವನು ಹುಡುಗಿಯ ಎದುರಿಗೇ ಎರಡೂ ಕೈಯಿಂದ ಕೆರೆದುಕೊಂಡಿದ್ದ. ಸಂಬಂಧ ಅಲ್ಲಿಗೇ ಮುರಿಯಿತು. ಇನ್ನು ತನಗೆ ಲಗ್ನದ ಯೋಗವೇ ಇಲ್ಲವೇನೋ ಎಂಬ ದಿಗಿಲು ಅವನನ್ನು ಹಿಡಿದಿತ್ತು.

ಇವತ್ತು ಬಬಲೇಶ್ವರದ ಸರದಿ. ಈ ಸಂಬಂಧ ಹುಡುಕಿದ ಪಕ್ಕದ ಮನೆಯ ಶಂಕ್ರೆವ್ವ ಬೆಳಿಗ್ಗೆಯೇ ಬೆಳ್ಳುಳ್ಳಿ ಅರೆದು ತಂದಳು.

"ಹಚ್ಚಿಕೋ ತಮ್ಮಾ. ಉರಿತೈತಿ, ಉರೀಲಿ. ತುರಕಿ ಸತ್ತ ಹೋಗ್ತೈತಿ."

ಹಚ್ಚಿಕೊಂಡ ಗುರಲಿಂಗಪ್ಪ ಅಂಗಳದ ತುಂಬ ಕುಣಿದ. ಗದ್ದಲ ಕೇಳಿ ಎದುರುಮನೆಯ ದರ್ಜಿ ಬುಡ್ಡೇಸಾಬ ಓಡಿಬಂದ.

"ಬೆಳ್ಳುಳ್ಳಿ ತುಂಬಾಕ ಇವನೇನ ಬದನಿಕಾಯೇನಬೇ ಶಂಕ್ರೆವ್ವಾ? ಇದಕ್ಕ ಚಿಮಣಿ ಎಣ್ಣಿನ ಮದ್ದು. ಲಡಾಯಿ ಕಾಲದಾಗ ಸಿಗೂದ ಕಠಿಣ ಖರೆ, ಆದ್ರ ಇವನ ಲಗ್ನಕ್ಕ ನನ್ನ ದೀಪ ಆರಿದ್ರೂ ಅಡ್ಡಿಯಿಲ್ಲ!"

ಹೀಗೆಂದು ಮನೆಯಲ್ಲಿದ್ದ ಎಣ್ಣೆಯನ್ನೆಲ್ಲ ತಂದು ಚಿಂದಿಯಿಂದ ತಿಕ್ಕಿಯೇಬಿಟ್ಟ. ತುರಿಕೆ ಸಾಯಲಿಲ್ಲ, ಉರಿಯನ್ನೂ ಜೊತೆಗೆ ಕರೆದುಕೊಂಡಿತು. ಮೋಟಾರಿನಲ್ಲಿ ದಾರಿಯುದ್ದಕ್ಕೂ ಶಂಕ್ರೆವ್ವನದು ಒಂದೇ ಪಾಠ. "ಜೀವ ಹೋದ್ರೂ ಕೆರಕೋಬ್ಯಾಡ. ಕೈ ಕಟ್ಟಿ ಕುಂದ್ರು."

ಹುಡುಗಿಯ ಮನೆಯಲ್ಲಿ ಹಾಗೇ ಕುಳಿತ. ಹುಡುಗಿ ಅಕ್ಕನಾಗಮ್ಮ ಚುರಮುರಿ ಸೂಸಲದ ತಾಟು ತಂದಳು. ಕೈ ಬಿಚ್ಚಿದರೆ ನೇರ ಸೊಂಟಕ್ಕೇ ಹೋಗುತ್ತದೆಂದು "ಹಸಿವಿಲ್ರಿ" ಎಂದ. ನೊಣವೊಂದು ಮೂಗಿನ ಮೇಲೆ ಕುಳಿತು, ಹುಬ್ಬಿನವರೆಗೆ ಸಾವಕಾಶ ಅಡ್ಡಾಡಿ ಬಂತು. ಕಣ್ಣಲ್ಲಿ ನೀರು ಬಂದರೂ ಗುರಲಿಂಗಪ್ಪ ಮಿಸುಕಲಿಲ್ಲ.

"ಭಾಳ ಶಾಂತ ಸ್ವಭಾವರಿ," ಎಂದಳು ಶಂಕ್ರೆವ್ವ.

ಅಕ್ಕನಾಗಮ್ಮ ಬಾಗಿಲ ಮರೆಯಲ್ಲಿ ನಕ್ಕಳು. ಗುರಲಿಂಗಪ್ಪನಿಗೆ ಉರಿಯೆಲ್ಲ ಮರೆತು ಸಂತೋಷವಾಯಿತು.

ಹುಡುಗಿಯ ಅಪ್ಪ ಬಸಗೊಂಡಪ್ಪ ಮಾತ್ರ ಅವನನ್ನೇ ನೋಡುತ್ತ ಕುಳಿತಿದ್ದವನು ಒಮ್ಮೆಲೇ ಹೇಳಿದ: "ಈ ಸಂಬಂಧ ಬ್ಯಾಡ್ರಿ."

"ಯಾಕ್ರಿ ಯಪ್ಪಾ? ಹುಡುಗ ಜರಾ ಮಿಸುಕಲಿಲ್ಲ!"

"ಅದಕ್ಕ ಬ್ಯಾಡಂದೆ. ನಮ್ಮ ಹಿರೀ ಅಳಿಯಾನೂ ಹಿಂಗ ಕೈ ಕಟ್ಟಿ ಕುಂತಿದ್ದ. ಎಂಥಾ ಶಾಂತ ಮನಶ್ಯಾ ಅಂತ ಮಗಳನ್ನ ಕೊಟ್ಟೆ. ದೀವಳಿಗಿಗೆ ಬಂದು ನನ್ನ ಧೋತರ ಉಟ್ಟ ನೋಡ್ರಿ, ಈಗ ಮನೀಮಂದಿಗೆಲ್ಲಾ ಗಜಕರ್ಣ!" ಎಂದವನೇ ಬಸಗೊಂಡಪ್ಪ ತನ್ನ ಸೊಂಟವನ್ನು ಪರಪರ ಕೆರೆದುಕೊಂಡ. "ನೊಣಾ ಹೊಡಕೊಳ್ಳೋ ಹುಡುಗ ಇದ್ರ ಹೇಳ್ರಿ, ಕೊಡ್ತೀನಿ."

ಇನ್ನೊಬ್ಬರು ಕೆರೆದುಕೊಳ್ಳುವುದನ್ನು ಕಂಡ ಮೇಲೆ ಗುರಲಿಂಗಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎರಡೂ ಕೈಯಿಂದ ಸುರುಮಾಡಿದ. ಅಂಥ ಸುಖವನ್ನು ಅವನು ಈ ಜನ್ಮದಲ್ಲೇ ಕಂಡಿರಲಿಲ್ಲ. ಮೋಟಾರು ನಿಲ್ಲುವ ಜಾಗಕ್ಕೆ ಬಂದರೂ ಕೆರೆಯುತ್ತಲೇ ಇದ್ದ.

"ಯಕ್ಕಾ," ಎಂದ ಶಂಕ್ರೆವ್ವನಿಗೆ ಅಳುದನಿಯಲ್ಲಿ, "ತಿಕೋಟಾದಾಗ ಕೆರಕೊಂಡೆ ಅಂತ ಬ್ಯಾಡಂದ್ರು, ಇಲ್ಲಿ ಕೆರಕೊಳ್ಳಲಿಲ್ಲ ಅಂತ ಬ್ಯಾಡಂದ್ರು. ಮುಂದಿನ ಊರಾಗ ಏನ್ ಮಾಡ್ಲಿ ಹೇಳಬೇ?"