ದೊಡ್ಡಮ್ಮನ ಸಿನಿಮಾದಲ್ಲಿ ಯಾರೂ ಸಾಯುವುದಿಲ್ಲ

ಯಮನ ಹಿಂದೆ ಹೋದವರನ್ನು ವಾಪಸ್ ಎಳೆದು ತರುವುದು ಪುರಾಣಗಳಲ್ಲೇ ಒಬ್ಬಿಬ್ಬರಿಗೆ ಸಾಧ್ಯವಾಗಿತ್ತು. ನಮ್ಮ ದೊಡ್ಡಮ್ಮ ಅದನ್ನು ಗುಬ್ಬಿಯ ಟೆಂಟ್‌ನಲ್ಲಿ ಸಿನಿಮಾ ನೋಡಿ ಬಂದು ವಾರಕ್ಕೊಮ್ಮೆ ಮಾಡುತ್ತಿದ್ದಳು!

ಎಪ್ಪತ್ತರ ದಶಕದ ಮಾತು. ಅವಳು ಅಮ್ಮನ ಅಕ್ಕ. ಗಂಡ ತೀರಿಕೊಂಡ ಮೇಲೆ ಗುಬ್ಬಿಯಲ್ಲಿ ಒಬ್ಬಳೇ ಇದ್ದಳು. ಭಾನುವಾರ ತುಮಕೂರಿನ ನಮ್ಮ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ನೋಡಿದ ಸಿನಿಮಾದ ಕಥೆ ಶುರು. ಆದರೆ ಅವಳ ಕಥೆಯಲ್ಲಿ ಯಾರೂ ಸಾಯುವಂತಿಲ್ಲ. ಗುಂಡು ತಾಗಿದವನ ಜೇಬಿನಲ್ಲಿ ಹಿತ್ತಾಳೆಯ ಅಡಿಕೆ ಡಬ್ಬಿ ಇರುತ್ತಿತ್ತು. ಬಾವಿಗೆ ಹಾರಿದವಳಿಗೆ ಸೊಂಟ ಉಳುಕುತ್ತಿತ್ತು, ಅಷ್ಟೇ. ಗಲ್ಲಿಗೇರಿದವನನ್ನು ಏನು ಮಾಡಿದಳು ಅಂತೀರಾ? ಹಗ್ಗ ಕಳಪೆ ಮಾಲು, ಕಿತ್ತುಹೋಯಿತು!

ಅಪ್ಪ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟರು: “ಅತ್ತಿಗೆ, ಆ ಸಿನಿಮಾ ನಾನೂ ನೋಡಿದೀನಿ. ಅವನು ಸತ್ತ. ಇದ್ದದ್ದನ್ನ ಇದ್ದಂಗೆ ಹೇಳೋದಲ್ವಾ ಸತ್ಯ?”

“ಹೋಗಿ ಮೇಷ್ಟ್ರೇ! ಆ ಆಕ್ಟರ್ ಮನೇಲಿ ಆರಾಮಾಗಿ ಮುದ್ದೆ ಉಣ್ತಾವ್ನೆ. ಬದುಕಿರೋನ್ನ ಸತ್ತ ಅಂತ ತೋರಿಸ್ದೋನು ಸುಳ್ಳುಗಾರನೋ, ನಾನೋ?”

ಅಪ್ಪ “ಇದನ್ನ ಪರೀಕ್ಷೇಲಿ ಕೇಳಬೇಕು” ಎನ್ನುತ್ತ ಎದ್ದು ಹೋದರು.

ಆ ವರ್ಷವೇ ಅಮ್ಮ ಹಾಸಿಗೆ ಹಿಡಿದಳು. ರಕ್ತದ ಕಾಯಿಲೆ ಎಂದರು. ಬೆಂಗಳೂರಿನ ಡಾಕ್ಟರೂ ಕೈಚೆಲ್ಲಿದರು. ತಂಗಿ ಇನ್ನೂ ಸ್ಕೂಲಿಗೆ ಸೇರಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮನೇ ಬಲವಂತ ಮಾಡಿ ನನ್ನನ್ನೂ ದೊಡ್ಡಮ್ಮನನ್ನೂ ಮ್ಯಾಟಿನಿಗೆ ಕಳಿಸಿದಳು. ಚಿಕ್ಕ ಮಕ್ಕಳ ತಾಯಿಯೊಬ್ಬಳ ಕಥೆ. ಮನೆಗೆ ಬಂದ ದೊಡ್ಡಮ್ಮ ಹಾಸಿಗೆಯ ಪಕ್ಕ ಕೂತು ಹೇಳತೊಡಗಿದಳು. ಆಸ್ಪತ್ರೆಯ ದೃಶ್ಯ ಬಂತು. ಎಂದಿನಂತೆ, ಸಿನಿಮಾದಲ್ಲಿಲ್ಲದ ಹೊಸ ಔಷಧಿಯೊಂದನ್ನು ತರಿಸಿದಳು. ಅಮ್ಮ ಅವಳ ಕೈ ಹಿಡಿದುಕೊಂಡಳು.

“ಅಕ್ಕ, ಇದೊಂದನ್ನ ಇದ್ದಂಗೇ ಹೇಳೇ.”

ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಹೋಗ್ಬಿಟ್ಳು ಕಣೇ.”

“ಮಕ್ಳು?”

“ಅವ್ಳಿಗೊಬ್ಳು ಅಕ್ಕ ಇದ್ಳು. ಬಾಯಿಬಡುಕಿ. ಗಂಟುಮೂಟೆ ಕಟ್ಕೊಂಡು ಬಂದು ಅಲ್ಲೇ ಇದ್ಬಿಟ್ಳು. ಮಕ್ಳು ಚೆನ್ನಾಗಿ ಬೆಳೆದ್ವು.”

ಅಮ್ಮ ಕಣ್ಣು ಮುಚ್ಚಿಕೊಂಡು ನಕ್ಕಳು. ಆ ಸಿನಿಮಾದಲ್ಲಿ ಅಕ್ಕ ಎನ್ನುವ ಪಾತ್ರವೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಪ್ಪ ಈ ಸಲ ಸತ್ಯ-ಸುಳ್ಳಿನ ಮಾತೆತ್ತಲಿಲ್ಲ.

ಶ್ರಾವಣದಲ್ಲಿ ಅಮ್ಮ ಹೋದಳು. ದೊಡ್ಡಮ್ಮ ಗುಬ್ಬಿಯ ಮನೆ ಖಾಲಿ ಮಾಡಿ ಬಂದಳು. ಸಿನಿಮಾ ನೋಡುವುದನ್ನೇ ಬಿಟ್ಟಳು. ಕಥೆ ಬೇಕೆಂದು ತಂಗಿ ಹಟ ಹಿಡಿದರೆ ತೊಡೆಯ ಮೇಲೆ ಮಲಗಿಸಿಕೊಂಡು, ಮೂಗು ಒರೆಸಿ, ಶುರುಮಾಡುತ್ತಿದ್ದಳು:

“ನಿಮ್ಮಮ್ಮ ನಿನ್ನಷ್ಟೇ ಇದ್ಳು ಕಣೇ ಆಗ...”